ದೂರದಿಂದ ಶಲ್ಯವಿದ್ಯೆ: ಒಂದು ಚಾರಿತ್ರಿಕ ವಿಚಾರ

೧

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಎಂಬ ಮೂರು ಊರುಗಳ ಹೆಸರು ಈ ಪತ್ರಿಕೆಯ ವಾಚಕರಿಗೆ ಹೊಸದಲ್ಲ. ಕುರುಗೋಡು ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ಸಾಮಂತರಾಗಿದ್ದ ಸಿಂದರ ಸ್ಥಾನ. ಅಲ್ಲಿಯ ಶಾಸನಗಳನ್ನು ವಿದ್ವಾಂಸರು ಬಹುಕಾಲದಿಂದ ಬಲ್ಲರು. ಸಿರುಗುಪ್ಪ ತಾಲೂಕಿನ ತೆಕ್ಕಲಕೋಟೆಯಲ್ಲಿ ೧೯೬೩-೬೪ರಲ್ಲಿ ನಡೆದ ಉತ್ಖನನದಿಂದ ನೂತನಶಿಲಾಯುಗದ ಜನರ ವಸತಿಗಳು ಬೆಳಕಿಗೆ ಬಂದವು. ಬಳ್ಳಾರಿಗೆ ಹತ್ತಿರದ ಸಂಗನಕಲ್ಲಿನ ಗುಡ್ಡಗಳಲ್ಲಿ ಅದೇ ಯುಗದವರು ಕಲ್ಲುಕೊಡಲಿಗಳನ್ನು ರಾಶಿರಾಶಿಯಾಗಿ ಮಾಡುತ್ತಿದ್ದರು. ಕಲ್ಲನ್ನು ಯಾವ ಓರೆಯಲ್ಲಿ ಹೊಡೆದರೆ ಅಲಗು ಏಳುವುದೆಂಬುದನ್ನು ಅಲ್ಲಿ ಒಬ್ಬನು ಮತ್ತೊಬ್ಬನಿಗೆ ಪಕ್ಕದಲ್ಲಿ ಕುಳಿತೇ ಕಲಿಸಿರಬೇಕು. ಅಕ್ಷರವಿಲ್ಲದ ಆ ಕಾಲದಲ್ಲಿ ಕೈಯ ವಿದ್ಯೆಗೆ ಬೇರೆ ದಾರಿಯೇ ಇರಲಿಲ್ಲ.

ಈಗ ಈ ಊರುಗಳನ್ನು ನೆನೆಯುವುದು ಶಾಸನಕ್ಕಾಗಿಯೂ ಅಲ್ಲ, ಶಿಲಾಯುಗಕ್ಕಾಗಿಯೂ ಅಲ್ಲ. ಕೈಯ ವಿದ್ಯೆಗಳಲ್ಲೆಲ್ಲ ಕಠಿನವಾದ ಶಸ್ತ್ರವೈದ್ಯವನ್ನು, ಪಕ್ಕದಲ್ಲಿ ಕುಳಿತಿರದ ಗುರುವು ದೂರದಿಂದ ಕಲಿಸಬಲ್ಲನೆ ಎಂಬ ಪ್ರಶ್ನೆಯನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ದೂರವಾಣಿ, ದೂರದರ್ಶನ, ಉಪಗ್ರಹ, ಅಂತರ್ಜಾಲ ಇವುಗಳ ಮೂಲಕ ನಡೆಯುವ ವೈದ್ಯಕ್ಕೆ ಟೆಲಿಮೆಡಿಸಿನ್ ಎಂಬ ಹೆಸರು ರೂಢಿಯಾಗಿದೆ, ನಾವು ದೂರವೈದ್ಯವೆನ್ನೋಣ. ಅದರ ಒಂದು ಶಾಖೆಯೇ ದೂರಶಲ್ಯಶಿಕ್ಷಣ.

ಈ ಪ್ರಶ್ನೆಯು ಕೇವಲ ಕುತೂಹಲದ್ದಲ್ಲ. ಬಳ್ಳಾರಿ ನಗರದಿಂದ ಕುರುಗೋಡಿಗೆ ಸುಮಾರು ೩೦ ಕಿಲೋಮೀಟರು. ಸಿರುಗುಪ್ಪಕ್ಕೆ ಅದರ ಹತ್ತಿರ ಹತ್ತಿರ ಇಮ್ಮಡಿ. ಹೆರಿಗೆಯಾದ ಮೇಲೆ ರಕ್ತಸ್ರಾವವು ನಿಲ್ಲದೆ ಹೋದರೆ ತಾಯಿಯ ಪ್ರಾಣಕ್ಕೆ ಇರುವ ಅವಧಿಯು ಎರಡು ಗಂಟೆಗಳೆಂದು ವೈದ್ಯರು ಲೆಕ್ಕ ಹಾಕುವರು. ೨೦೦೮ರಲ್ಲಿ ಆರಂಭವಾದ ೧೦೮ರ ವಾಹನವು ಕರೆದೊಡನೆ ಬಂದರೂ, ಭತ್ತದ ಗಾಡಿಗಳಿಂದ ತುಂಬಿದ ಸುಗ್ಗಿಯ ಕಾಲದ ರಸ್ತೆಯಲ್ಲಿ ಆ ಎರಡು ಗಂಟೆಗಳ ಬಹುಭಾಗವು ಕಳೆದುಹೋಗುವುದು. ಆದಕಾರಣ ನುರಿತ ಕೈಯು ಸಿರುಗುಪ್ಪದಲ್ಲಿಯೇ ಇರಬೇಕು. ಆ ಕೈಯನ್ನು ನುರಿಸುವ ಗುರುವಾದರೋ ಬಳ್ಳಾರಿಯಲ್ಲಿ, ಅನೇಕ ವೇಳೆ ಬೆಂಗಳೂರಿನಲ್ಲಿ, ಇರುವನು.

೨

ಶಲ್ಯವಿದ್ಯೆಯನ್ನು ಕಲಿಯುವ ಕ್ರಮವನ್ನು ನಮ್ಮವರಲ್ಲಿ ಸ್ಪಷ್ಟವಾಗಿ ಹೇಳಿದವನು ಸುಶ್ರುತ. ಅವನ ಸಂಹಿತೆಯ ಸೂತ್ರಸ್ಥಾನದ ಹತ್ತನೆಯ ಅಧ್ಯಾಯದಲ್ಲಿ, ವೈದ್ಯನು ಬೀದಿಗಿಳಿದು ವೃತ್ತಿಯನ್ನು ಕೈಕೊಳ್ಳುವುದಕ್ಕೆ ಮೊದಲು ದಾಟಬೇಕಾದ ಮೆಟ್ಟಿಲುಗಳು ಕ್ರಮವಾಗಿ ಹೇಳಲ್ಪಟ್ಟಿವೆ. ಮೊದಲು ತಂತ್ರವನ್ನು ಓದಿರಬೇಕು. ಅದರ ಅರ್ಥವನ್ನು ಮನನ ಮಾಡಿರಬೇಕು. ಕರ್ಮವನ್ನು ಕಣ್ಣಿನಿಂದ ಕಂಡು ದೃಷ್ಟಕರ್ಮನಾಗಿರಬೇಕು. ತಾನು ಅಭ್ಯಾಸ ಮಾಡಿ ಕೃತಯೋಗ್ಯನಾಗಿರಬೇಕು. ಶಾಸ್ತ್ರವನ್ನು ಬಾಯಿಂದ ನುಡಿದು ವಿವರಿಸಬಲ್ಲವನಾಗಿರಬೇಕು. ಕಡೆಗೆ ರಾಜನ ಅನುಜ್ಞೆಯನ್ನು ಪಡೆದಿರಬೇಕು.

ಇವುಗಳಲ್ಲಿ ‘ಯೋಗ್ಯಾ’ ಎಂಬ ಶಬ್ದವು ನಮ್ಮ ವಿಷಯಕ್ಕೆ ಮುಖ್ಯವಾದುದು. ಇಲ್ಲಿ ಅದಕ್ಕೆ ಅರ್ಹತೆ ಎಂಬ ಅರ್ಥವಿಲ್ಲ; ಕರ್ಮಾಭ್ಯಾಸವೆಂದು ಅರ್ಥ. ಒಂಬತ್ತನೆಯ ಅಧ್ಯಾಯವು ಪೂರ್ಣವಾಗಿ ಇದಕ್ಕೇ ಮೀಸಲಾಗಿದೆ. ಛೇದನವನ್ನು ಬೂದುಗುಂಬಳ, ಸೋರೆ, ಕಲ್ಲಂಗಡಿ, ಸೌತೆ ಮೊದಲಾದ ಕಾಯಿಗಳ ಮೇಲೆ ಅಭ್ಯಸಿಸಬೇಕು. ಭೇದನವನ್ನು ನೀರು ಅಥವಾ ಕೆಸರು ತುಂಬಿದ ತೊಗಲಚೀಲಗಳ ಮೇಲೆ, ಲೇಖನವನ್ನು ಕೂದಲಿರುವ ಚರ್ಮದ ಮೇಲೆ, ವೇಧನವನ್ನು ಸತ್ತ ಪಶುಗಳ ಸಿರೆಗಳಲ್ಲಿಯೂ ನೈದಿಲೆಯ ನಾಳದಲ್ಲಿಯೂ, ಏಷಣವನ್ನು ಹುಳು ಕೊರೆದ ಮರದಲ್ಲಿಯೂ ಬಿದಿರಿನ ನಾಳದಲ್ಲಿಯೂ, ಆಹರಣವನ್ನು ಹಲಸು ಬಿಲ್ವಗಳ ತಿರುಳಿನಲ್ಲಿಯೂ ಸತ್ತ ಪಶುವಿನ ಹಲ್ಲಿನಲ್ಲಿಯೂ, ವಿಸ್ರಾವಣವನ್ನು ಮೇಣ ಬಳಿದ ಬೂರುಗದ ಹಲಗೆಯ ಮೇಲೆ, ಸೀವನವನ್ನು ಬಟ್ಟೆಯ ಮತ್ತು ಮೃದುಚರ್ಮದ ಅಂಚುಗಳಲ್ಲಿ ಮಾಡಿ ಕಲಿಯಬೇಕು. ಬಂಧನಕ್ಕೆ ಮನುಷ್ಯಾಕಾರದ ಬೊಂಬೆಯು ವಿಹಿತವಾಗಿದೆ. ಇಂದಿನ ವೈದ್ಯಕೀಯ ಕಾಲೇಜುಗಳಲ್ಲಿ ೨೦೧೯ರ ಹೊಸ ಪಾಠಕ್ರಮದ ಮೇರೆಗೆ ಏರ್ಪಟ್ಟಿರುವ ಕೌಶಲಶಾಲೆಗಳಲ್ಲಿಯೂ ವಿದ್ಯಾರ್ಥಿಯು ಮೊದಲು ಬೊಂಬೆಯನ್ನೇ ಮುಟ್ಟುವನು.

ಈ ಅಧ್ಯಾಯವನ್ನು ನಾನು ಬಾಲ್ಯದಲ್ಲಿ ಪಾಠಶಾಲೆಯ ಜಗಲಿಯ ಮೇಲೆ ಕುಳಿತು ಕಂಠಪಾಠ ಮಾಡಿದೆನು. ಪದಚ್ಛೇದವನ್ನೂ ವಿಗ್ರಹವಾಕ್ಯವನ್ನೂ ತಪ್ಪಿಲ್ಲದೆ ಒಪ್ಪಿಸಿದೆನು. ಆದರೆ ಒಂದು ದಿನವಾದರೂ ನಮ್ಮಲ್ಲಿ ಒಬ್ಬನಾದರೂ ಒಂದು ಸೋರೆಕಾಯನ್ನು ಆ ಉದ್ದೇಶಕ್ಕಾಗಿ ಕೊಯ್ಯಲಿಲ್ಲ. ಓದಬೇಡ, ಮಾಡು ಎಂದು ಹೇಳುವ ಅಧ್ಯಾಯವನ್ನು ನಾವು ಓದಿ ಮುಗಿಸಿಬಿಟ್ಟೆವು. ಈ ಮಾತನ್ನು ಇಲ್ಲಿ ಒಪ್ಪಿಕೊಳ್ಳುವುದು ಅವಶ್ಯ. ಏಕೆಂದರೆ, ಎಲ್ಲವೂ ಸುಶ್ರುತನಲ್ಲಿಯೇ ಇದೆ ಎಂದು ಹೆಮ್ಮೆ ಪಡುವ ಪಂಡಿತವರ್ಗಕ್ಕೆ ನಾನೂ ಸೇರಿದವನು. ಗ್ರಂಥದಲ್ಲಿ ಇರುವುದು ಬೇರೆ, ಕೈಯಲ್ಲಿ ಇರುವುದು ಬೇರೆ. ಈ ಎರಡರ ನಡುವಣ ಅಂತರವೇ ಮೊದಲನೆಯ ದೂರ. ಮೈಲಿಗಲ್ಲುಗಳ ದೂರವು ಅದರ ಮೇಲೆ ಬಂದುದು.

೩

ಗ್ರಂಥವು ದೂರವನ್ನು ಸುಲಭವಾಗಿ ಗೆಲ್ಲುವುದೆಂಬುದಕ್ಕೆ ಸುಶ್ರುತಸಂಹಿತೆಯ ಚರಿತ್ರೆಯೇ ಸಾಕ್ಷಿ. ಅದರ ಅತಿ ಪ್ರಾಚೀನವಾದ ಕಾಲನಿರ್ದೇಶವುಳ್ಳ ತಾಳೆಯೋಲೆಯ ಪ್ರತಿಯು, ಕ್ರಿ. ಶ. ೮೭೮ರದು, ನೇಪಾಳದ ಕಾಠಮಂಡುವಿನಲ್ಲಿದೆ. ಅದಕ್ಕೂ ಮುಂಚೆ ಬಾಗ್ದಾದಿನ ಖಲೀಫರ ಆಶ್ರಯದಲ್ಲಿ ಆ ಗ್ರಂಥವು ಅರಬ್ಬೀ ಭಾಷೆಗೆ ಪರಿವರ್ತಿತವಾಯಿತು. ಆದರೆ ಓಲೆಯೊಡನೆ ಕೈಯೂ ಪ್ರಯಾಣ ಮಾಡಿತೆ?

ಕನ್ನಡ ನಾಡಿನ ವೈದ್ಯವಾಙ್ಮಯವನ್ನು ನೋಡೋಣ. ಒಂಬತ್ತನೆಯ ಶತಮಾನದ ಉಗ್ರಾದಿತ್ಯನು ತನ್ನ ಸಂಸ್ಕೃತ ‘ಕಲ್ಯಾಣಕಾರಕ’ದಲ್ಲಿ ಪೂರ್ವಾಚಾರ್ಯರನ್ನು ನೆನೆಯುವಾಗ, ಶಾಲಾಕ್ಯವನ್ನು ಪೂಜ್ಯಪಾದನೂ ಶಲ್ಯತಂತ್ರವನ್ನು ಪಾತ್ರಸ್ವಾಮಿಯೂ ರಚಿಸಿದರೆಂದು ಹೇಳುತ್ತಾನೆ. ಪಾತ್ರಸ್ವಾಮಿಯ ಆ ಶಲ್ಯತಂತ್ರವು ನಮಗೆ ಉಳಿದುಬಂದಿಲ್ಲ. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನು ‘ಕರ್ಣಾಟಕ ಕಲ್ಯಾಣಕಾರಕ’ವನ್ನು ಕನ್ನಡದಲ್ಲಿ ಬರೆದನು, ಕೀರ್ತಿವರ್ಮನು ‘ಗೋವೈದ್ಯ’ವನ್ನು, ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜನು ವಿಷವೈದ್ಯದ ‘ಖಗೇಂದ್ರಮಣಿದರ್ಪಣ’ವನ್ನು, ಮುಂದೆ ಶ್ರೀಧರದೇವನು ‘ವೈದ್ಯಾಮೃತ’ವನ್ನು, ಸಾಳ್ವನು ‘ವೈದ್ಯಸಾಂಗತ್ಯ’ವನ್ನು ರಚಿಸಿದರು. ಈ ಪರಂಪರೆಯಲ್ಲಿ ಔಷಧ, ಪಥ್ಯ, ವಿಷಹರಣ, ಮಂತ್ರ ಇವುಗಳಿಗೆ ದೊರೆತ ಸ್ಥಾನವು ಶಸ್ತ್ರಕ್ಕೆ ದೊರೆಯಲಿಲ್ಲ. ಮದ್ದಿನ ಪಾಕವನ್ನು ಕಂದಪದ್ಯದಲ್ಲಿ ಕಟ್ಟಿ ಕಳುಹಿಸಬಹುದು; ಸಿರೆಯನ್ನು ಹಿಡಿಯುವ ಬೆರಳಿನ ಹದವನ್ನು ಯಾವ ಛಂದಸ್ಸಿನಲ್ಲಿಯೂ ಕಟ್ಟಲಾಗದು.

ಶಸ್ತ್ರವೈದ್ಯನಿಗೆ ಸಂದ ಮರ್ಯಾದೆಯು ಎಷ್ಟೆಂಬುದಕ್ಕೂ ಒಂದು ಶಾಸನಾಧಾರವಿದೆ. ತಮಿಳುನಾಡಿನ ತಿರುಮುಕ್ಕೂಡಲಿನಲ್ಲಿ ಹನ್ನೊಂದನೆಯ ಶತಮಾನದ ವೀರರಾಜೇಂದ್ರ ಚೋಳನ ಶಾಸನವು ದೇವಾಲಯಕ್ಕೆ ಸೇರಿದ ೧೫ ಹಾಸಿಗೆಗಳ ಆತುರಶಾಲೆಯೊಂದನ್ನು ವರ್ಣಿಸುತ್ತದೆ. ಅಲ್ಲಿ ವೈದ್ಯನಿಗೆ ವರ್ಷಕ್ಕೆ ೯೦ ಕಲ ಭತ್ತ. ಶಲ್ಯಕ್ರಿಯೆಯನ್ನು ಮಾಡುವವನಿಗೆ ೩೦ ಕಲ. ಮೂರರಲ್ಲಿ ಒಂದು ಪಾಲಿನ ಸಂಬಳ. ಒಂದು ಶಾಸನದಿಂದ ದೇಶಕ್ಕೆಲ್ಲ ನಿಯಮವನ್ನು ಹೇಳುವುದು ಸಾಹಸವಾದೀತು. ಆದರೂ ಪಂಡಿತನ ಕೈಯಿಂದ ಶಸ್ತ್ರವು ಜಾರಿ, ಗ್ರಂಥವನ್ನು ಓದದ ಕಸುಬುದಾರನ ಕೈಗೆ ಹೋದುದರ ಆರಂಭವು ಇಂಥ ಕಡೆ ಕಾಣುವುದೆಂದು ನನ್ನ ಊಹೆ. ಗ್ರಂಥವನ್ನು ಉಳಿಸಿಕೊಂಡವರು ಕೈಯನ್ನು ಕಳೆದುಕೊಂಡರು. ಕೈಯನ್ನು ಉಳಿಸಿಕೊಂಡವರಿಗೆ ಗ್ರಂಥವಿರಲಿಲ್ಲ.

೪

ಎರಡನೆಯ ಘಟ್ಟದಲ್ಲಿ ಬರುವುದು ಚಿತ್ರ. ಇದರ ಅತ್ಯುತ್ತಮವಾದ ನಿದರ್ಶನಕ್ಕೆ ಕನ್ನಡ ನಾಡಿನ ಯುದ್ಧವೇ ಕಾರಣವಾಯಿತು.

ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೇನೆಯ ಎತ್ತುಗಳನ್ನು ಹೊಡೆಯುತ್ತಿದ್ದ ಕಾವಸಜಿ ಎಂಬ ಮರಾಠನು ಟಿಪ್ಪೂ ಸುಲ್ತಾನನ ಕಡೆಯವರಿಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಆ ಮೇಲೆ ಹನ್ನೆರಡು ತಿಂಗಳ ಕಾಲ ಮೂಗಿಲ್ಲದೆ ಇದ್ದ ಅವನಿಗೆ ಪುಣೆಯ ಸಮೀಪದಲ್ಲಿ ಇಟ್ಟಿಗೆ ಮಾಡುವ ಕುಲದ ಒಬ್ಬನು ಹಣೆಯ ಚರ್ಮದಿಂದ ಹೊಸ ಮೂಗನ್ನು ಕಟ್ಟಿದನು. ಕ್ರೂಸೋ, ಫಿಂಡ್ಲೇ ಎಂಬ ಇಬ್ಬರು ಇಂಗ್ಲಿಷ್ ವೈದ್ಯರು ಇದನ್ನು ಕಂಡರು. ಜೇಮ್ಸ್ ವೇಲ್ಸ್ ಎಂಬ ಚಿತ್ರಕಾರನು ಕಾವಸಜಿಯ ಮುಖವನ್ನು ಬರೆದನು. ೧೭೯೪ನೆಯ ಅಕ್ಟೋಬರಿನಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ ಎಂಬ ಪತ್ರಿಕೆಯು ಆ ಚಿತ್ರವನ್ನೂ ಕ್ರಿಯಾವಿವರಣೆಯನ್ನೂ ಪ್ರಕಟಿಸಿತು.

ವಿವರಣೆಯು ಬಹು ಸೂಕ್ಷ್ಮವಾಗಿದೆ. ಮೊಂಡುಮೂಗಿನ ಮೇಲೆ ಮೇಣದ ತೆಳುತಗಡನ್ನು ಒತ್ತಿ ಮೂಗಿನ ಆಕಾರ ಮಾಡುವುದು. ಅದನ್ನು ಚಪ್ಪಟೆಮಾಡಿ ಹಣೆಯ ಮೇಲಿಟ್ಟು ಗೆರೆಯೆಳೆಯುವುದು. ಗೆರೆಯಂತೆ ಚರ್ಮವನ್ನು ಬಿಡಿಸಿ, ಕಣ್ಣುಗಳ ನಡುವೆ ಮಾತ್ರ ಒಂದು ಎಳೆಯನ್ನು ಉಳಿಸಿ, ತಿರುಗಿಸಿ ಕೂರಿಸುವುದು. ರಕ್ತಸಂಚಾರವು ಆ ಎಳೆಯ ಮೂಲಕ ನಡೆಯುವುದು. ಕಾಚನ್ನು ನೀರಿನಲ್ಲಿ ನೆನಸಿ ಬಟ್ಟೆಗೆ ಬಳಿದು ಅಂಟಿಸುವುದು. ನಾಲ್ಕು ದಿನಗಳ ಮೇಲೆ ತೆಗೆದು ತುಪ್ಪದ ಬಟ್ಟೆಯನ್ನು ಹಾಕುವುದು. ಸುಮಾರು ೨೫ನೆಯ ದಿನ ಆ ಎಳೆಯನ್ನು ಕತ್ತರಿಸುವುದು. ಸುಶ್ರುತನಾದರೋ ಕೆನ್ನೆಯ ಚರ್ಮವನ್ನು ಹೇಳಿ, ಅಳತೆಗೆ ಎಲೆಯನ್ನು ವಿಧಿಸಿರುವನು. ಅಂದಮೇಲೆ ಪುಣೆಯ ಕಸುಬುದಾರನು ಸಂಹಿತೆಯನ್ನು ಅಕ್ಷರಶಃ ಅನುಸರಿಸಿದವನಲ್ಲ. ಕೈಯಿಂದ ಕೈಗೆ ಬಂದು, ದಾರಿಯಲ್ಲಿ ಮಾರ್ಪಟ್ಟ ವಿದ್ಯೆಯು ಅವನದು. ಅವನ ಹೆಸರನ್ನು ಪತ್ರಿಕೆಯು ಹೇಳಲಿಲ್ಲ.

ಲಂಡನ್ನಿನ ಶಸ್ತ್ರವೈದ್ಯ ಜೋಸೆಫ್ ಕಾರ್ಪ್ಯೂ ಎಂಬಾತನು ಈ ಕ್ರಮವನ್ನು ಅಭ್ಯಾಸ ಮಾಡಿದನು. ಭಾರತದಲ್ಲಿದ್ದು ಬಂದವರನ್ನು ವಿಚಾರಿಸಿದನು. ಮೃತದೇಹಗಳ ಮೇಲೆ ಪ್ರಯೋಗಿಸಿ ನೋಡಿದನು. ೧೮೧೪ನೆಯ ಅಕ್ಟೋಬರ್ ೨೩ರಂದು ಮೊದಲ ಸಲ ಜೀವಂತ ರೋಗಿಗೆ ಮೂಗನ್ನು ಕಟ್ಟಿದನು. ೧೮೧೬ರಲ್ಲಿ ಎರಡು ಚಿಕಿತ್ಸೆಗಳ ವೃತ್ತಾಂತವನ್ನು ಗ್ರಂಥರೂಪವಾಗಿ ಪ್ರಕಟಿಸಿದನು. ಯೂರೋಪಿನ ನವೀನ ರೂಪಶಲ್ಯಕ್ಕೆ ಇದೇ ನಾಂದಿಯಾಯಿತು.

ದೂರಶಲ್ಯಶಿಕ್ಷಣವೆಂಬುದಕ್ಕೆ ಇದಕ್ಕಿಂತ ಶುದ್ಧವಾದ ಉದಾಹರಣೆಯು ಬೇರೆ ಬೇಕೆ? ಗುರುವು ಪುಣೆಯಲ್ಲಿ, ಶಿಷ್ಯನು ಲಂಡನ್ನಿನಲ್ಲಿ. ಒಬ್ಬರ ಮುಖವನ್ನು ಮತ್ತೊಬ್ಬರು ಕಂಡವರಲ್ಲ. ಆದರೆ ಕಾಲವನ್ನು ಗಮನಿಸಬೇಕು. ಚಿತ್ರವು ಪ್ರಕಟವಾದುದು ೧೭೯೪ರಲ್ಲಿ, ಕರ್ಮವು ನಡೆದುದು ೧೮೧೪ರಲ್ಲಿ. ನಡುವೆ ೨೦ ವರ್ಷಗಳು. ಚಿತ್ರವು ಹಡಗಿನಲ್ಲಿ ಕೆಲವು ತಿಂಗಳುಗಳಲ್ಲಿಯೇ ಸಮುದ್ರವನ್ನು ದಾಟಿತು. ಕಾರ್ಪ್ಯೂವಿನ ಶಂಕೆಗಳಿಗೆ ಉತ್ತರ ಹೇಳಲು ಗುರುವು ಪಕ್ಕದಲ್ಲಿರಲಿಲ್ಲವಾದ್ದರಿಂದ, ಅವನು ಹೆಣಗಳನ್ನೇ ಕೇಳಿ ಉತ್ತರ ಪಡೆಯಬೇಕಾಯಿತು.

ಇದೇ ಕಾಲಕ್ಕೆ ಸಮೀಪವಾಗಿ ನಮ್ಮ ದೇಶದಲ್ಲಿಯೂ ಒಬ್ಬ ಪಂಡಿತನು ಗ್ರಂಥದಿಂದ ಕೈಗೆ ಮರಳಿದನು. ಕಲಕತ್ತೆಯ ಸಂಸ್ಕೃತ ಕಾಲೇಜಿನಲ್ಲಿ ಆಯುರ್ವೇದವನ್ನು ಕಲಿಸುತ್ತಿದ್ದ ಮಧುಸೂದನ ಗುಪ್ತನು ಸುಶ್ರುತಸಂಹಿತೆಯನ್ನು ಅಚ್ಚುಹಾಕಿಸಿದುದಲ್ಲದೆ, ೧೮೩೬ರಲ್ಲಿ ಅಲ್ಲಿಯ ವೈದ್ಯಕೀಯ ಕಾಲೇಜಿನಲ್ಲಿ ತಾನೇ ಶವಚ್ಛೇದವನ್ನು ಮಾಡಿದನು. ಸಂಹಿತೆಯ ಶಾರೀರಸ್ಥಾನದಲ್ಲಿ ಶವಪರೀಕ್ಷೆಯ ವಿಧಿಯನ್ನು ಓದಿದವರು ಸಾವಿರಾರು ಮಂದಿ. ಓದಿದ ಮೇಲೆ ಎದ್ದು ಹೋಗಿ ಮಾಡಿದ ಪಂಡಿತನೆಂದು ಚರಿತ್ರೆಯು ನೆನೆಯುವುದು ಇವನನ್ನು. ನನ್ನಂಥವರಿಗೆ ಈತನ ನೆನಪು ಏಕಕಾಲದಲ್ಲಿ ಗೌರವವನ್ನೂ ನಾಚಿಕೆಯನ್ನೂ ಉಂಟುಮಾಡತಕ್ಕುದು.

೫

ಮೂರನೆಯ ಘಟ್ಟವು ತಂತಿಯದು ಮತ್ತು ಉಪಗ್ರಹದ್ದು. ೧೯೬೫ರಲ್ಲಿ ಅಮೆರಿಕದ ಹ್ಯೂಸ್ಟನ್ನಿನಲ್ಲಿ ಮೈಕೇಲ್ ಡಿಬೇಕಿ ಎಂಬ ಶಸ್ತ್ರವೈದ್ಯನು ಮಾಡಿದ ಹೃದಯದ ಶಸ್ತ್ರಕ್ರಿಯೆಯನ್ನು ‘ಅರ್ಲಿ ಬರ್ಡ್’ ಎಂಬ ಉಪಗ್ರಹದ ಮೂಲಕ ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿದ್ದ ವೈದ್ಯರು ಕಂಡರು. ಸುಶ್ರುತನ ಭಾಷೆಯಲ್ಲಿ ಹೇಳುವುದಾದರೆ, ದೂರದಲ್ಲಿದ್ದವರು ಅದೇ ಕ್ಷಣದಲ್ಲಿ ದೃಷ್ಟಕರ್ಮರಾದರು. ಕಾರ್ಪ್ಯೂವಿಗೆ ಒಂದು ನಿಶ್ಚಲಚಿತ್ರವು ದೊರೆತಿದ್ದಿತು. ಇವರಿಗೆ ಚಲಿಸುವ ಕೈಯೇ ಕಂಡಿತು.

೨೦೦೧ನೆಯ ಸೆಪ್ಟೆಂಬರ್ ೭ರಂದು ಜಾಕ್ ಮಾರೆಸ್ಕೋ ಎಂಬ ಫ್ರೆಂಚ್ ವೈದ್ಯನು ನ್ಯೂಯಾರ್ಕಿನಲ್ಲಿ ಕುಳಿತು ಯಂತ್ರಹಸ್ತಗಳನ್ನು ನಡೆಸಿ, ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿದ್ದ ೬೮ ವರ್ಷದ ರೋಗಿಯ ಪಿತ್ತಕೋಶವನ್ನು ತೆಗೆದನು. ಕೈಯಾಡಿಸಿದುದಕ್ಕೂ ಅದರ ಫಲವು ತೆರೆಯ ಮೇಲೆ ಕಾಣುವುದಕ್ಕೂ ನಡುವಣ ವಿಳಂಬವು ಸರಾಸರಿ ೧೫೫ ಮಿಲಿಸೆಕೆಂಡು, ಎಂದರೆ ಒಂದು ಸೆಕೆಂಡಿನ ಆರನೆಯ ಒಂದು ಭಾಗ. ಭಾರತದಲ್ಲಿಯೂ ೨೦೨೫ರಲ್ಲಿ ಗುರುಗ್ರಾಮದಿಂದ ೨೮೬ ಕಿಲೋಮೀಟರು ದೂರದ ಜಯಪುರದ ರೋಗಿಗೆ ದೇಶೀಯ ಯಂತ್ರದಿಂದ ಹೃದಯಚಿಕಿತ್ಸೆಯು ನಡೆಯಿತು. ಇವು ಆಶ್ಚರ್ಯಕರವಾದ ಸಾಧನೆಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇಲ್ಲಿ ಗುರುವಿನ ಕೈಯೇ ದೂರಕ್ಕೆ ಹೋಯಿತು. ದೂರದಲ್ಲಿ ಹೊಸ ಕೈಯೊಂದು ಹುಟ್ಟಲಿಲ್ಲ. ಯಂತ್ರವನ್ನು ಹಿಂದೆಗೆದುಕೊಂಡರೆ ಆ ಊರು ಮೊದಲಿನಂತೆಯೇ ಉಳಿಯುವುದು.

ಶಿಕ್ಷಣದ ದೃಷ್ಟಿಯಿಂದ ಇದಕ್ಕಿಂತ ಬೆಲೆಯುಳ್ಳುದೆಂದು ನನಗೆ ತೋರುವುದು ಕೆನಡಾ ದೇಶದ ಪ್ರಯೋಗ. ಅಲ್ಲಿಯ ಹ್ಯಾಮಿಲ್ಟನ್ ನಗರದ ಮೆಹ್ರಾನ್ ಅನ್ವರಿ ಎಂಬ ವೈದ್ಯನು ೨೦೦೩ರಿಂದ ಸುಮಾರು ೪೦೦ ಕಿಲೋಮೀಟರು ದೂರದ ನಾರ್ತ್ ಬೇ ಎಂಬ ಊರಿನ ಆಸ್ಪತ್ರೆಯೊಡನೆ ಸಂಬಂಧವನ್ನು ಏರ್ಪಡಿಸಿಕೊಂಡು, ಅಲ್ಲಿಯ ಶಸ್ತ್ರವೈದ್ಯರೊಡಗೂಡಿ ಉದರದ ಶಸ್ತ್ರಕ್ರಿಯೆಗಳನ್ನು ನಡೆಸಿದನು. ಮೇಜಿನ ಬಳಿ ನಿಂತಿದ್ದವರು ಊರಿನ ವೈದ್ಯರೇ. ನಾರ್ತ್ ಬೇ ದೊಡ್ಡ ನಗರವಲ್ಲ; ಅದನ್ನು ಆ ದೇಶದ ಸಿರುಗುಪ್ಪವೆಂದು ಭಾವಿಸಿಕೊಂಡರೆ ನಮಗೆ ಬೇಕಾದ ಮಾದರಿಯು ದೊರೆಯುವುದು.

೬

ಇನ್ನು ನಮ್ಮ ನಾಡಿನ ಕಡೆಗೆ ಬರೋಣ. ೨೦೦೨ರಲ್ಲಿ ಭಾರತೀಯ ಬಾಹ್ಯಾಕಾಶ ಸಂಶೋಧನ ಸಂಸ್ಥೆಯ ಉಪಗ್ರಹಸಂಪರ್ಕದಿಂದ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೂ ಚಾಮರಾಜನಗರದ ಜಿಲ್ಲಾಸ್ಪತ್ರೆ, ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗಳಿಗೂ ಕೊಂಡಿಯು ಏರ್ಪಟ್ಟಿತು. ದೂರದ ರೋಗಿಯ ಹೃದಯದ ವಿದ್ಯುಲ್ಲೇಖವನ್ನು ಬೆಂಗಳೂರಿನ ತಜ್ಞನು ನೋಡಿ ಊರಿನ ವೈದ್ಯನಿಗೆ ಸಲಹೆ ಕೊಡುವ ಏರ್ಪಾಡು ಇದು. ೨೦೦೪ನೆಯ ಸೆಪ್ಟೆಂಬರ್ ೨೦ರಂದು ಶಿಕ್ಷಣಕ್ಕಾಗಿಯೇ ಮೀಸಲಾದ ಎಜುಸ್ಯಾಟ್ ಉಪಗ್ರಹವು ಮೇಲೇರಿತು. ಅದರ ಪ್ರಾಯೋಗಿಕ ಯೋಜನೆಯು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯದಲ್ಲಿ ನಡೆಯಿತು. ೨೦೧೯ರಲ್ಲಿ ಕೇಂದ್ರ ಸರ್ಕಾರದ ಇ-ಸಂಜೀವನಿಯು ಆರಂಭವಾಗಿ, ಮರುವರ್ಷದ ಕೊರೊನಾ ಪಿಡುಗಿನಲ್ಲಿ ವೇಗವಾಗಿ ಹರಡಿತು. ಹೀಗೆ ದೂರವೈದ್ಯವೂ ದೂರಶಿಕ್ಷಣವೂ ಬೇರೆ ಬೇರೆ ಹೊಳೆಗಳಾಗಿ ಹರಿದವು. ಎರಡೂ ಕೂಡುವ ಸಂಗಮವು ಇನ್ನೂ ಸರಿಯಾಗಿ ಕಟ್ಟಲ್ಪಟ್ಟಿಲ್ಲ.

ಬಳ್ಳಾರಿಯ ಚರಿತ್ರೆಯಲ್ಲಿ ದೂರದ ಸಂಕಟವು ಹಳೆಯದು. ೧೯೫೩ನೆಯ ಅಕ್ಟೋಬರ್ ೧ರಂದು ಮೈಸೂರಿಗೆ ಸೇರುವವರೆಗೆ ಈ ಜಿಲ್ಲೆಯು ಮದರಾಸಿಗೆ ಅಧೀನವಾಗಿದ್ದಿತು. ವೈದ್ಯವಿದ್ಯೆಯನ್ನು ಬಯಸಿದ ಬಳ್ಳಾರಿಯ ತರುಣನಿಗೆ ತನ್ನ ಜಿಲ್ಲೆಯಲ್ಲಿ ಕಾಲೇಜಿರಲಿಲ್ಲ. ೧೯೬೧ರಲ್ಲಿ ಬಳ್ಳಾರಿಯಲ್ಲಿಯೇ ಸರ್ಕಾರಿ ವೈದ್ಯಕೀಯ ಕಾಲೇಜು ಸ್ಥಾಪಿತವಾಯಿತು. ಮುಂದೆ ಅದು ವಿಜಯನಗರ ವೈದ್ಯಕೀಯ ವಿಜ್ಞಾನ ಸಂಸ್ಥೆಯಾಯಿತು. ಈಗ ಬಳ್ಳಾರಿ ವೈದ್ಯಕೀಯ ಕಾಲೇಜು ಮತ್ತು ಸಂಶೋಧನ ಕೇಂದ್ರವೆಂದು ಹೆಸರಾಗಿದೆ. ತುಂಗಭದ್ರಾ ತೀರದಲ್ಲಿ ಪ್ರೇಮಾಯತನವನ್ನು ಸ್ಥಾಪಿಸಿದ ಪಂಡಿತ ತಾರಾನಾಥರ ಹೆಸರಿನ ಸರ್ಕಾರಿ ಆಯುರ್ವೇದ ಕಾಲೇಜೂ ಇದೇ ನಗರದಲ್ಲಿದೆ. ಎರಡು ಪದ್ಧತಿಗಳ ಗುರುಕುಲಗಳು ಒಂದೇ ಊರಿನಲ್ಲಿರುವುದು ಸಣ್ಣ ಸಂಪತ್ತಲ್ಲ. ೨೦೨೦ರಲ್ಲಿ ಆಯುರ್ವೇದದ ಶಲ್ಯ, ಶಾಲಾಕ್ಯ ಸ್ನಾತಕೋತ್ತರರಿಗೆ ೫೮ ಶಸ್ತ್ರಕ್ರಿಯೆಗಳಲ್ಲಿ ಶಿಕ್ಷಣ ಕೊಡಬೇಕೆಂಬ ನಿಯಮವು ಹೊರಟಾಗ ದೇಶದಲ್ಲಿ ದೊಡ್ಡ ವಾದವೆದ್ದಿತು. ಆ ವಾದದ ತಿರುಳೂ ತಂತ್ರವನ್ನು ಕುರಿತುದಲ್ಲ. ಯಾರು ಕೃತಯೋಗ್ಯರು, ಯಾರಿಗೆ ಅನುಜ್ಞೆ ಎಂಬುದನ್ನೇ ಕುರಿತುದು.

ಅದೇ ವರ್ಷ ಮತ್ತೊಂದು ನಿಯಮವೂ ಬಂದಿತು. ಸ್ನಾತಕೋತ್ತರ ವೈದ್ಯವಿದ್ಯಾರ್ಥಿಗಳು ಮೂರು ತಿಂಗಳ ಕಾಲ ಜಿಲ್ಲಾ ಆರೋಗ್ಯವ್ಯವಸ್ಥೆಯ ಆಸ್ಪತ್ರೆಗಳಲ್ಲಿ ಇದ್ದು ಕೆಲಸ ಮಾಡಬೇಕೆಂಬುದು ಅದರ ವಿಧಿ. ಇಲ್ಲಿ ಶಿಷ್ಯನು ಗುರುವನ್ನು ಬಿಟ್ಟು ದೂರ ಹೋಗುವನು. ಆ ಮೂರು ತಿಂಗಳುಗಳಲ್ಲಿ ಅವನ ಕೈಯನ್ನು ತಿದ್ದುವವರು ಯಾರು? ದೂರಶಲ್ಯಶಿಕ್ಷಣದ ಪ್ರಯೋಜನವು ಈ ಪ್ರಶ್ನೆಯ ಬಳಿಯೇ ಆರಂಭವಾಗುವುದು.

೭

ತೆರೆಯ ಮೂಲಕ ಏನು ಸಾಗುವುದು, ಏನು ಸಾಗದು ಎಂಬುದನ್ನು ಈಗ ವಿವೇಚಿಸಬಹುದು. ನನ್ನ ಹಳೆಯ ಶಿಷ್ಯನೊಬ್ಬನು ಈಗ ಶಸ್ತ್ರವೈದ್ಯನಾಗಿರುವನು. ಅವನನ್ನು ಈ ವಿಷಯವಾಗಿ ಕೇಳಿದಾಗ, “ಗುರುಗಳೆ, ತೆರೆಯ ಮೇಲೆ ಎಲ್ಲವೂ ಕಾಣಿಸುತ್ತದೆ, ಎಷ್ಟು ಎಳೆದರೆ ಹರಿಯುತ್ತದೆಂಬುದು ಮಾತ್ರ ಕಾಣಿಸುವುದಿಲ್ಲ” ಎಂದನು. ಈ ಮಾತನ್ನು ಕೇಳಿ ಮನೆಗೆ ಬಂದು ಯೋಗ್ಯಾಧ್ಯಾಯವನ್ನು ಮತ್ತೆ ತೆರೆದು ಓದಿದಾಗ, ನಲವತ್ತು ವರ್ಷ ತಿಳಿಯದೆ ಇದ್ದ ಒಂದು ಸಂಗತಿಯು ನನಗೆ ಹೊಳೆಯಿತು. ಬಂಧನದ ಬೊಂಬೆಯನ್ನು ಬಿಟ್ಟರೆ, ಸುಶ್ರುತನು ಹೇಳಿದ ವಸ್ತುಗಳಲ್ಲಿ ಹೆಚ್ಚಿನವು ನೋಟಕ್ಕೆ ಮನುಷ್ಯದೇಹದಂತಿಲ್ಲ. ಸೋರೆಕಾಯಿಯು ಹೊಟ್ಟೆಯಂತೆ ಕಾಣದು. ನೈದಿಲೆಯ ನಾಳವು ಸಿರೆಯಂತೆ ಕಾಣದು. ಮೇಣದ ಹಲಗೆಯು ವ್ರಣದಂತೆ ಕಾಣದು. ಆದರೆ ಅಲಗು ಹೊಗುವಾಗ ಕೈಗೆ ಆಗುವ ತಡೆಯಲ್ಲಿ, ಒಳಹೊಕ್ಕೊಡನೆ ಆಗುವ ಸಡಿಲದಲ್ಲಿ, ಅವು ದೇಹವನ್ನು ಹೋಲುವುವು. ಅಂದಮೇಲೆ ಆ ಪಟ್ಟಿಯು ರೂಪಗಳ ಪಟ್ಟಿಯಲ್ಲ, ಸ್ಪರ್ಶಗಳ ಪಟ್ಟಿ. ಸ್ಪರ್ಶವು ತಂತಿಯಲ್ಲಿ ಸುಲಭವಾಗಿ ಸಾಗದ ಗುಣವಾದ್ದರಿಂದ, ಅದನ್ನು ಸಾಗಿಸಲು ಯತ್ನಿಸುವ ಬದಲು ಎರಡು ತುದಿಯಲ್ಲಿಯೂ ಒಂದೇ ಸ್ಪರ್ಶವನ್ನು ಇರಿಸುವುದು ಜಾಣತನ. ಬಳ್ಳಾರಿಯ ಗುರುವಿನ ಮುಂದೊಂದು, ಸಿರುಗುಪ್ಪದ ಶಿಷ್ಯನ ಮುಂದೊಂದು, ಒಂದೇ ಬಗೆಯ ಅಭ್ಯಾಸವಸ್ತುವಿರಲಿ. ಆಗ “ಇಷ್ಟು ಒತ್ತು” ಎಂಬ ಮಾತಿಗೆ ಎರಡು ಕಡೆಯೂ ಒಂದೇ ಅರ್ಥವಾಗುವುದು.

ಎರಡನೆಯದು ಭಾಷೆ, ಇದು ಈ ಪತ್ರಿಕೆಯ ವಾಚಕರಿಗೆ ಸೇರಿದ ಭಾಗ. ಗುರುವು ಪಕ್ಕದಲ್ಲಿದ್ದರೆ ಮಾತಿಲ್ಲದೆಯೇ ಶಿಷ್ಯನ ಬೆರಳನ್ನು ಹಿಡಿದು ತಿದ್ದುವನು. ದೂರದಲ್ಲಿದ್ದರೆ ಮಾತೇ ಅವನ ಬೆರಳು. “ಎಡಕ್ಕೆ” ಎಂದರೆ ಯಾರ ಎಡ? ಶಾರೀರಶಾಸ್ತ್ರದಲ್ಲಿ ಅದು ರೋಗಿಯ ಎಡವೇ ಹೊರತು ವೈದ್ಯನದಲ್ಲ. ಉದರದರ್ಶಕದ ನಳಿಕೆಯಲ್ಲಿ ತೂರಿಸಿದ ಉಪಕರಣವು ಏತದ ಮರದಂತೆ ನಡುವಿನಲ್ಲಿ ತಿರುಗುವುದು. ಈಚೆಯ ಕೈ ಎಡಕ್ಕೆ ಹೋದರೆ ಆಚೆಯ ತುದಿ ಬಲಕ್ಕೆ ಹೋಗುವುದು. ಇಂಥಲ್ಲಿ ಒಂದು ಪದದ ಸಂದಿಗ್ಧತೆಯು ಒಂದು ರಕ್ತನಾಳದ ಬೆಲೆಯುಳ್ಳುದು. ವೈದ್ಯರಿಬ್ಬರು ಇಂಗ್ಲಿಷಿನಲ್ಲಿ ನಿರ್ವಹಿಸಿಕೊಂಡಾರು. ಆದರೆ ಶಸ್ತ್ರಶಾಲೆಯಲ್ಲಿ ದಾದಿಯರೂ ಸಹಾಯಕರೂ ಇರುವರು, ಅವರಲ್ಲಿ ಮನೆಮಾತು ಕನ್ನಡವಾದವರೂ ತೆಲುಗು ಉರ್ದುಗಳಾದವರೂ ಇರುವರು. ಹಿಡಿ, ಬಿಡು, ಒತ್ತು, ಸಡಿಲಿಸು, ಎಳೆ, ನಿಲ್ಲಿಸು ಎಂಬ ಹತ್ತಿಪ್ಪತ್ತು ಕ್ರಿಯಾಪದಗಳಿಗೆ ನಿಷ್ಕೃಷ್ಟವಾದ ಸಂಕೇತವನ್ನು ಕಟ್ಟಿಕೊಳ್ಳುವುದು ಅವಶ್ಯ. ಸುಶ್ರುತನು ಶಸ್ತ್ರಕರ್ಮವನ್ನು ಛೇದ್ಯ, ಭೇದ್ಯ, ಲೇಖ್ಯ, ವೇಧ್ಯ, ಏಷ್ಯ, ಆಹಾರ್ಯ, ವಿಸ್ರಾವ್ಯ, ಸೀವ್ಯವೆಂದು ಎಂಟಾಗಿ ಒಡೆದುದು ಪಾಂಡಿತ್ಯಪ್ರದರ್ಶನಕ್ಕಲ್ಲ. ಕತ್ತರಿಸುವುದಕ್ಕೂ ಸೀಳುವುದಕ್ಕೂ ಕೆರೆಯುವುದಕ್ಕೂ ಗೊಂದಲ ಬಾರದಿರಲೆಂದು. ಪರಿಭಾಷೆಯನ್ನು ನಿಘಂಟಿಗಾಗಿ ಮಾತ್ರ ಟಂಕಿಸುವ ನಾವು, ಇಂಥ ಬಾಯಿಮಾತಿನ ಪರಿಭಾಷೆಗೂ ಕೈಹಾಕಬೇಕು. ಇಲ್ಲಿ ಸಂಸ್ಕೃತಕ್ಕಿಂತ ಒಕ್ಕಲಿಗನ, ಚಮ್ಮಾರನ, ನೇಕಾರನ ಕನ್ನಡವು ಹೆಚ್ಚು ಉಪಯೋಗಕ್ಕೆ ಬಂದೀತು.

ಮೂರನೆಯದು ರಾಜಾನುಜ್ಞೆ. ೨೦೨೦ನೆಯ ಮಾರ್ಚ್ ೨೫ರಂದು ಭಾರತದಲ್ಲಿ ದೂರವೈದ್ಯದ ಮಾರ್ಗಸೂಚಿಗಳು ಪ್ರಕಟವಾದವು. ವೈದ್ಯನು ದೂರದ ರೋಗಿಗೆ ಹೇಗೆ ಸಲಹೆ ಕೊಡಬೇಕೆಂಬುದನ್ನು ಅವು ವಿಧಿಸುತ್ತವೆ. ಆದರೆ ದೂರದಿಂದ ಶಸ್ತ್ರಕ್ರಿಯೆಯನ್ನು ನಡೆಸುವುದನ್ನೂ, ವೈದ್ಯಸಿಬ್ಬಂದಿಯ ಮುಂದುವರಿದ ಶಿಕ್ಷಣವನ್ನೂ, ತಮ್ಮ ವ್ಯಾಪ್ತಿಗೆ ಸೇರಿದುವಲ್ಲವೆಂದು ಸ್ಪಷ್ಟವಾಗಿ ಹೊರಗಿಟ್ಟಿವೆ. ನಮ್ಮ ವಿಷಯವು ಈ ಎರಡೂ ಕಾರಣಗಳಿಂದ ಹೊರಗುಳಿಯಿತು. ೨೦೨೪ರಲ್ಲಿ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆಯು ದೇಶೀಯ ಯಂತ್ರವೊಂದಕ್ಕೆ ದೂರಶಸ್ತ್ರಕ್ರಿಯೆಗೂ ದೂರಮಾರ್ಗದರ್ಶನಕ್ಕೂ ಒಪ್ಪಿಗೆ ಕೊಟ್ಟಿತು. ಅದು ಯಂತ್ರಕ್ಕೆ ದೊರೆತ ಅನುಜ್ಞೆ. ಯಂತ್ರವಿಲ್ಲದೆ, ಕೇವಲ ಕ್ಯಾಮೆರಾ ಮತ್ತು ಧ್ವನಿಗಳಿಂದ ಗುರುವು ಶಿಷ್ಯನ ಕೈಯನ್ನು ನಡೆಸುತ್ತಿರುವಾಗ ಅನರ್ಥವಾದರೆ ಹೊಣೆಯು ಕಂಡವನದೋ, ಮಾಡಿದವನದೋ? ರೋಗಿಗೆ ದೂರದ ಗುರುವಿನ ವಿಷಯವನ್ನು ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಡವೆ? ತೆರೆಯು ನಡುವೆ ಕತ್ತಲಾದರೆ ಶಿಷ್ಯನು ಯಾವ ಹಂತದಲ್ಲಿ ನಿಲ್ಲಿಸಬೇಕು? ಇವುಗಳಿಗೆ ಉತ್ತರವು ಬರಹದಲ್ಲಿ ಇಲ್ಲದಿದ್ದರೆ, ಹೆದರಿದ ಗುರುವು ಬಾಯಿ ತೆರೆಯನು. ಹೆದರಿದ ಶಿಷ್ಯನು ರೋಗಿಯನ್ನು ವಾಹನಕ್ಕೆ ಹತ್ತಿಸಿ ಬಳ್ಳಾರಿಗೆ ಕಳುಹಿಸುವನು. ದೂರವು ಇದ್ದಷ್ಟೇ ಇರುವುದು.

೮

ಇಷ್ಟು ವಿಚಾರದಿಂದ ಸಿದ್ಧವಾದುದೇನೆಂದರೆ: ತಂತ್ರಕ್ಕೆ ದೂರವು ಓಲೆಯ ಕಾಲದಲ್ಲಿಯೇ ಅಳಿಯಿತು, ದರ್ಶನಕ್ಕೆ ೧೭೯೪ರ ಚಿತ್ರದಿಂದ ಅರ್ಧ, ೧೯೬೫ರ ಉಪಗ್ರಹದಿಂದ ಪೂರ್ಣ ಅಳಿಯಿತು, ಯೋಗ್ಯೆಗೆ ಅರ್ಧ ಮಾತ್ರ ಅಳಿದಿದೆ, ಅನುಜ್ಞೆಗೆ ಇನ್ನೂ ಹಾಗೆಯೇ ಉಳಿದಿದೆ. ತೆರೆಯಿಂದ ಎಲ್ಲವೂ ಸಾಧ್ಯವೆಂಬುದು ಒಂದು ಅತಿವಾದ; ಗುರುವಿನ ಪಾದಮೂಲದಲ್ಲಿ ಅಲ್ಲದೆ ವಿದ್ಯೆಯಿಲ್ಲವೆಂಬುದು ಮತ್ತೊಂದು. ಮೊದಲನೆಯವರಿಗೆ ಕಾರ್ಪ್ಯೂವಿನ ಇಪ್ಪತ್ತು ವರ್ಷಗಳನ್ನು ತೋರಿಸಬೇಕು; ಎರಡನೆಯವರಿಗೆ ಅವನು ಕಡೆಗೆ ಕಟ್ಟಿದ ಮೂಗನ್ನು ತೋರಿಸಬೇಕು.

ಬಳ್ಳಾರಿಯ ಕಾಲೇಜಿನ ಗುರುಗಳು ತಿಂಗಳಿಗೊಮ್ಮೆ ಸಿರುಗುಪ್ಪಕ್ಕೂ ಕುರುಗೋಡಿಗೂ ಹೋಗಿ ಶಿಷ್ಯನ ಕೈಯನ್ನು ಕಣ್ಣಾರೆ ಕಂಡು, ಉಳಿದ ದಿನಗಳಲ್ಲಿ ತೆರೆಯ ಮೂಲಕ ತಿದ್ದುವುದಾದರೆ ಈ ಎರಡು ಪಕ್ಷಗಳಿಗೂ ಸಮಾಧಾನವಾದೀತು. ಒಮ್ಮೆ ಕೈಯನ್ನು ಮುಟ್ಟಿ ಬಲ್ಲ ಗುರುವಿನ ಮಾತು, ದೂರದಿಂದ ಬಂದರೂ ಕೈಗೆ ತಿಳಿಯುವುದು. ಇದಕ್ಕೆ ಬೇಕಾದ ಯಂತ್ರವು ಬಹಳ ದುಬಾರಿಯದಲ್ಲ. ಬೇಕಾದುದು ಒಂದು ಕೊಠಡಿ, ಒಂದು ಕ್ಯಾಮೆರಾ, ಎರಡು ಕಡೆಯೂ ಒಂದೇ ಬಗೆಯ ಅಭ್ಯಾಸವಸ್ತು, ಹೊಣೆಯನ್ನು ಹಂಚಿ ಬರೆದ ಒಂದು ಹಾಳೆ.

ಪುಣೆಯ ಆ ಇಟ್ಟಿಗೆಯವನ ಹೆಸರು ನಮಗೆ ಸಿಕ್ಕಲಿಲ್ಲ. ಅವನು ಕಲಿಸಿದ ವಿದ್ಯೆಯು ಮಾತ್ರ ಸಮುದ್ರವನ್ನು ದಾಟಿ ಬೆಳೆದು, ಕಾಲೇಜುಗಳ ಮೂಲಕ ಮರಳಿ ನಮ್ಮಲ್ಲಿಗೆ ಬಂದಿದೆ. ಅಷ್ಟು ದೂರವನ್ನು ಸುತ್ತಿ ಬಂದ ವಿದ್ಯೆಗೆ ಬಳ್ಳಾರಿಯಿಂದ ಸಿರುಗುಪ್ಪದ ದಾರಿಯು ದೊಡ್ಡದಾಗಬಾರದು. ಈ ವಿಷಯದಲ್ಲಿ ನನ್ನ ದೃಷ್ಟಿಗೆ ಬೀಳದ ಆಧಾರಗಳನ್ನು, ವಿಶೇಷವಾಗಿ ಕನ್ನಡ ನಾಡಿನ ಶಾಸನಗಳಲ್ಲಿಯೂ ಓಲೆಗಳಲ್ಲಿಯೂ ಶಲ್ಯಕಾರರನ್ನು ಕುರಿತ ಉಲ್ಲೇಖಗಳನ್ನು, ಬಲ್ಲ ವಿದ್ವಾಂಸರು ಈ ಪತ್ರಿಕೆಯ ಮೂಲಕ ತಿಳಿಸಿದರೆ ಕೃತಜ್ಞನಾಗಿರುವೆನು.